ಲೆಕ್ಕ ಒಪ್ಪಿಸುವ ಪದ್ಧತಿ

ಪ್ರಜಾಪ್ರಭುತ್ವವೆಂದರೆ ಚುನಾವಣೆ, ಚುನಾವಣೆಯೆಂದರೆ ಮತದಾನ, ಮತದಾನವೆಂದರೆ ಬೆರಳಿನ ಮೇಲೊಂದು ಶಾಯಿಯ ಗೆರೆ. ನಮ್ಮಲ್ಲಿ ಅನೇಕರ ತಿಳಿವಳಿಕೆ ಇಷ್ಟಕ್ಕೆ ನಿಂತುಬಿಡುತ್ತದೆ. ಐದು ವರ್ಷಕ್ಕೊಮ್ಮೆ ಆ ಗೆರೆ ಹಾಕಿಸಿಕೊಂಡು ಮನೆಗೆ ಬಂದು ಕಾಫಿ ಕುಡಿದರೆ ಪೌರಧರ್ಮ ತೀರಿತೆಂಬ ಸಮಾಧಾನ. ಆದರೆ ನಮ್ಮ ನಾಡಿನ ಕಳೆದ ನೂರನಲವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ತಿರುವಿಹಾಕಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ವರಿಗೂ ಮತದ ಹಕ್ಕು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಇನ್ನೊಂದು ಪದ್ಧತಿ ಹುಟ್ಟಿತ್ತು. ಆಳುವವನು ವರ್ಷಕ್ಕೊಮ್ಮೆ ಪ್ರಜೆಗಳ ಮುಂದೆ ನಿಂತು, ನಿಮ್ಮ ಹಣ ಇಷ್ಟು ಬಂತು, ಇದಕ್ಕೆ ಖರ್ಚಾಯಿತು, ಮುಂದಿನ ವರ್ಷ ಹೀಗೆ ಮಾಡಬೇಕೆಂದಿದ್ದೇವೆ ಎಂದು ಲೆಕ್ಕ ಒಪ್ಪಿಸುವ ಪದ್ಧತಿ ಅದು. ಮತದಾನ ಆಮೇಲೆ ಬಂತು, ವಿಸ್ತಾರವಾಯಿತು, ಬೇರು ಬಿಟ್ಟಿತು. ಲೆಕ್ಕ ಕೇಳುವ ಅಭ್ಯಾಸ ಅದರ ಜೊತೆಗೆ ಬೆಳೆಯಿತೆ, ಸೊರಗಿತೆ ಎಂಬುದೇ ನಾನು ಇಲ್ಲಿ ವಿಚಾರಮಾಡಬೇಕೆಂದಿರುವ ವಿಷಯ.

1881ನೆಯ ಇಸವಿಯ ಮೈಸೂರನ್ನು ಮೊದಲು ನೆನೆದುಕೊಳ್ಳಬೇಕು. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಸಂಸ್ಥಾನ ಆ ವರ್ಷದ ಮಾರ್ಚ್ 25ರಂದು ಒಡೆಯರ ವಂಶಕ್ಕೆ ಹಿಂದಿರುಗಿತು. ಹಿಂದಿರುಗಿದ್ದು ಸಮೃದ್ಧಿಯ ನಾಡಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ನಾಡನ್ನು ಹಿಂಡಿ ಹಾಕಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅಂಕಿಗಳಲ್ಲಿ ಇದನ್ನು ಬರೆಯುವುದು ಸುಲಭ. ಒಂದೊಂದು ಊರಿನಲ್ಲಿ ಎಷ್ಟು ಮನೆಯ ಒಲೆ ಆರಿತೆಂದು ಊಹಿಸುವುದು ಕಷ್ಟ. ಬೊಕ್ಕಸದಲ್ಲಿ ಹಣವಿರಲಿಲ್ಲ. ಅದರ ಮೇಲೆ ಕ್ಷಾಮಕ್ಕಾಗಿ ಮಾಡಿದ 80 ಲಕ್ಷ ರೂಪಾಯಿ ಸಾಲ.

ಇಂಥ ಸಮಯದಲ್ಲಿ ದಿವಾನರಾದವರು ಸಿ. ರಂಗಾಚಾರ್ಲು. ಸಾಲಗಾರನಾದ ಮನೆಯ ಯಜಮಾನ ಸಾಮಾನ್ಯವಾಗಿ ಮನೆಯವರಿಂದ ಲೆಕ್ಕದ ಪುಸ್ತಕವನ್ನು ಬಚ್ಚಿಡುತ್ತಾನೆ. ರಂಗಾಚಾರ್ಲು ಅದನ್ನು ತೆರೆದಿಟ್ಟರು. 1881ರ ಆಗಸ್ಟಿನಲ್ಲಿ ಒಂದು ಆಜ್ಞೆ ಹೊರಟಿತು. ತಾಲ್ಲೂಕು ತಾಲ್ಲೂಕಿನಿಂದ ಸಾಗುವಳಿ ಮಾಡಿಸುವ ಭೂಮಾಲಿಕರೂ ಪ್ರಮುಖ ವರ್ತಕರೂ ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ನೆರೆಯಬೇಕು. ಸರ್ಕಾರ ಅವರ ಮುಂದೆ ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಉದ್ದೇಶಗಳನ್ನೂ ಇಡುವುದು. ಅವರು ತಮ್ಮ ಸೀಮೆಯ ಕಷ್ಟಸುಖಗಳನ್ನು ಹೇಳಿಕೊಳ್ಳಬಹುದು. ಅದರಂತೆ 1881ರ ಅಕ್ಟೋಬರ್ 7ರಂದು 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಸೇರಿತು. ಭಾರತದ ದೇಶೀಯ ಸಂಸ್ಥಾನಗಳಲ್ಲಿ ಇಂಥ ಸಭೆ ಇದೇ ಮೊದಲನೆಯದು. ಕಾಂಗ್ರೆಸ್ ಮಹಾಸಭೆ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು.

ಆ ಸಭೆಯನ್ನು ನಾವು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಅದಕ್ಕೆ ಅಧಿಕಾರವಿರಲಿಲ್ಲ. ಶಾಸನ ಮಾಡುವಂತಿರಲಿಲ್ಲ, ಆಯವ್ಯಯವನ್ನು ತಡೆಯುವಂತಿರಲಿಲ್ಲ, ದಿವಾನರನ್ನು ಇಳಿಸುವ ಮಾತಂತೂ ದೂರವೇ ಉಳಿಯಿತು. ಸದಸ್ಯರು ಚುನಾಯಿತರೂ ಆಗಿರಲಿಲ್ಲ. ಗೇಣಿದಾರ, ಕೂಲಿಯವ, ಅಸ್ಪೃಶ್ಯನೆನಿಸಿಕೊಂಡವ, ಹೆಂಗಸು ಇವರಲ್ಲಿ ಯಾರಿಗೂ ಅಲ್ಲಿ ಸ್ಥಳವಿರಲಿಲ್ಲ. ಕ್ಷಾಮದಲ್ಲಿ ಸತ್ತವರು ಹೆಚ್ಚಾಗಿ ಯಾವ ವರ್ಗದವರೋ ಆ ವರ್ಗದವರೇ ಆ ಸಭೆಯಲ್ಲಿ ಕಾಣದಿದ್ದವರು. ಇದನ್ನು ಮರೆತು ಹಳೆಯ ಮೈಸೂರನ್ನು ರಾಮರಾಜ್ಯವೆಂದು ವರ್ಣಿಸುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೂ ಅಲ್ಲಿ ಒಂದು ಹೊಸದು ನಡೆಯಿತು. ಅದುವರೆಗೆ ಪ್ರಜೆ ಅರಸನ ಮುಂದೆ ನಿಲ್ಲುತ್ತಿದ್ದದ್ದು ಬೇಡಿಕೊಳ್ಳುವುದಕ್ಕೆ. ಅರಸನ ಮಂತ್ರಿ ಪ್ರಜೆಯ ಮುಂದೆ ನಿಂತು ವಿವರಣೆ ಕೊಡುವುದು ನಮ್ಮ ರಾಜನೀತಿಯಲ್ಲಿ ಕಂಡರಿಯದ ಪದ್ಧತಿ. ಪ್ರತಿನಿಧಿಗಳು ಕೆರೆ ಒಡೆದದ್ದು, ಕಂದಾಯದ ಹೊರೆ, ಕಾಡಿನಲ್ಲಿ ದನ ಮೇಯಿಸುವ ಹಕ್ಕು, ರಸ್ತೆ, ಶಾಲೆ ಇವುಗಳ ಮಾತನ್ನೆತ್ತಿದರು. ಅಹವಾಲುಗಳು ಅಚ್ಚಾಗತೊಡಗಿದವು, ಅವುಗಳಿಗೆ ಸರ್ಕಾರ ಕೊಟ್ಟ ಉತ್ತರಗಳೂ ಅಚ್ಚಾದವು. ಒಮ್ಮೆ ಅಚ್ಚಾದ ಮಾತನ್ನು ಮುಂದಿನ ವರ್ಷ ಎತ್ತಿ ತೋರಿಸಬಹುದು. ಹೋದ ದಸರೆಯಲ್ಲಿ ತಾವು ಪರಿಶೀಲಿಸುತ್ತೇವೆಂದಿರಿ, ಪರಿಶೀಲನೆ ಏನಾಯಿತು ಎಂದು ಕೇಳಬಹುದು. ಈ ಒಂದು ಪ್ರಶ್ನೆಯಲ್ಲಿ ಪಾರ್ಲಿಮೆಂಟಿನ ಬೀಜವಿದೆ ಎಂಬುದು ನನ್ನ ಅಭಿಪ್ರಾಯ.

ರಂಗಾಚಾರ್ಲು ತಮ್ಮ ಸಸಿ ಬೆಳೆದದ್ದನ್ನು ನೋಡಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಅವರ ಅನಂತರ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸದಸ್ಯರನ್ನು ಚುನಾಯಿಸುವ ಪದ್ಧತಿ ಬಂತು. ಮತದಾರರು ಮಾತ್ರ ಕಂದಾಯ ಕಟ್ಟುವ ಅನುಕೂಲಸ್ಥರು, ಓದಿದವರು, ಹೀಗೆ ಕೆಲವೇ ಮಂದಿ. 1907ರಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ವರ್ಷ ವರ್ಷವೂ ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಪೇಟ ಉತ್ತರೀಯಗಳ ಆ ಸಮೂಹ ಸೇರುವುದು ದಸರೆಯ ಸಂಪ್ರದಾಯಗಳಲ್ಲಿ ಒಂದಾಯಿತು.

ಸಂಪ್ರದಾಯವಾದದ್ದು ಅಲಂಕಾರವಾಗಿಬಿಡುವ ಭಯವೂ ಉಂಟು. ಅದಾಗದಂತೆ ತಡೆದವರು ಎರಡು ಬಗೆಯ ಜನ. ಮೊದಲನೆಯವರು ಪತ್ರಿಕೆಯವರು. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನು ನಿಯಂತ್ರಿಸುವ ಶಾಸನ ತಂದಾಗ, ಮೈಸೂರಿನವರು ತಾತಯ್ಯನೆಂದು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ತಾವು ನಡೆಸುತ್ತಿದ್ದ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಅಪ್ಪಣೆ ಪಡೆದು ಬರೆಯುವುದಕ್ಕಿಂತ ಬರೆಯದಿರುವುದು ಮೇಲೆಂಬುದು ಅವರ ಮತ. ವೃತ್ತಿಯಿಂದ ಉಪಾಧ್ಯಾಯರು, ಹಣವಂತರಲ್ಲ. ಸರ್ಕಾರ ಲೆಕ್ಕ ಒಪ್ಪಿಸಿದರೆ ಸಾಲದು, ಆ ಲೆಕ್ಕ ಸರಿಯೋ ತಪ್ಪೋ ಎಂದು ಬಹಿರಂಗವಾಗಿ ಹೇಳುವವನೊಬ್ಬನಿರಬೇಕು. ಅವನ ಬಾಯಿ ಕಟ್ಟಿದರೆ ಸಭೆ ಬೊಂಬೆಯಾಟವಾಗುತ್ತದೆ. ತಾತಯ್ಯನವರು ಇದನ್ನು ಉಪನ್ಯಾಸದಿಂದಲ್ಲ, ತಮ್ಮ ನಷ್ಟದಿಂದ ಕಲಿಸಿದರು.

ಎರಡನೆಯವರು, ಸಭೆಯ ಹೊರಗೆ ನಿಂತಿದ್ದವರು. ಪ್ರತಿನಿಧಿ ಎಂದರೆ ಯಾರ ಪ್ರತಿನಿಧಿ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಸರ್ಕಾರದ ಹುದ್ದೆಗಳೂ ವಿದ್ಯೆಯೂ ಒಂದೇ ಜಾತಿಯ ಕೈಯಲ್ಲಿ ಸೇರಿವೆಯೆಂದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪಿತವಾಯಿತು. 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು, ಹಿಂದುಳಿದ ವರ್ಗಗಳಿಗೆ ಹುದ್ದೆಗಳಲ್ಲಿ ಸ್ಥಾನ ಕಾದಿರಿಸುವ ಮಾತು ಬಂತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ; ಅವರು ಹುದ್ದೆ ಬಿಟ್ಟದ್ದಕ್ಕೆ ಇದೊಂದು ಕಾರಣ. ಈಗ ದೂರದಿಂದ ನೋಡುವವರಿಗೆ ಎರಡು ಕಡೆಯ ಮಾತಿನಲ್ಲೂ ಸತ್ತ್ವ ಕಾಣುತ್ತದೆ. ದಕ್ಷತೆ ಬೇಕೆಂದವರು ಹೇಳಿದ್ದು ಸುಳ್ಳಲ್ಲ. ಆದರೆ ಹೊರಗಿಟ್ಟವರಿಂದ ಕಂದಾಯ ವಸೂಲುಮಾಡಿ, ಒಳಗಿದ್ದವರಿಗೆ ಮಾತ್ರ ಲೆಕ್ಕ ಒಪ್ಪಿಸುವ ರಾಜ್ಯ ಬಹುಕಾಲ ನ್ಯಾಯವಾಗಿರಲಾರದೆಂಬ ಮಾತು ಹೆಚ್ಚು ಆಳವಾದದ್ದು. 1923ರಲ್ಲಿ ಬ್ರಜೇಂದ್ರನಾಥ ಶೀಲರ ಸಮಿತಿಯ ಸಲಹೆಯ ಮೇಲೆ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆಯಿತು, ಸದಸ್ಯರ ಸಂಖ್ಯೆ ಹೆಚ್ಚಿತು, ಹೆಂಗಸರಿಗೂ ಬಾಗಿಲು ಸ್ವಲ್ಪ ತೆರೆಯಿತು.

ಆದರೆ ಕೇಳುವುದು ಬೇರೆ, ಕೇಳಿದ್ದನ್ನು ನಡೆಸಿಕೊಡಬೇಕೆಂಬ ಕಟ್ಟುಪಾಡು ಬೇರೆ. ಅಧಿಕಾರ ಕೊನೆಗೂ ದಿವಾನರಲ್ಲಿಯೇ ಉಳಿದಿತ್ತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವತ್ತೇಳು ವರ್ಷ ಪ್ರಜೆಗಳ ಅಹವಾಲು ಕೇಳಿದ ಸರ್ಕಾರವೇ ಒಂದು ಬಾವುಟಕ್ಕೆ ಹೆದರಿ ಅವರನ್ನು ಕೊಂದಿತು. ಮಾದರಿ ಸಂಸ್ಥಾನವೆಂಬ ಕೀರ್ತಿ ಈ ನೆತ್ತರನ್ನು ಮುಚ್ಚಲಾರದು. ಮುಂದೆ 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ‘ಮೈಸೂರು ಚಲೋ’ ಚಳವಳಿ ಎದ್ದಿತು. ಹುಡುಗರು ಶಾಲೆ ಬಿಟ್ಟರು, ಸೆರೆಮನೆಗಳು ತುಂಬಿದವು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅರಮನೆಯ ಕೃಪೆಯಿಂದ ಆರಂಭವಾದದ್ದು ಜನರ ಹಟದಿಂದ ಪೂರ್ತಿಯಾಯಿತು. ಪ್ರಜಾಪ್ರತಿನಿಧಿ ಸಭೆ ತನ್ನ ಕೆಲಸ ಮುಗಿಸಿ 1949ರಲ್ಲಿ ತೆರೆಮರೆಗೆ ಸರಿಯಿತು.

ಅದೇ 1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ನಾನು ಹಲವು ಸಲ ಓದಿದ್ದೇನೆ. ಆರಂಭವಾಗಲಿರುವ ಗಣರಾಜ್ಯಕ್ಕೆ ಅವರು ಹೇಳಿದ್ದು ಶುಭಾಶಯವಲ್ಲ, ಎಚ್ಚರಿಕೆ. ಒಬ್ಬ ನಾಯಕನ ಪಾದದಡಿಯಲ್ಲಿ ತಮ್ಮ ಸ್ವಾತಂತ್ರ್ಯವನ್ನು ಇಟ್ಟುಬಿಡುವ ಭಕ್ತಿ ರಾಜಕೀಯದಲ್ಲಿ ಅವನತಿಯ ದಾರಿಯೆಂದರು. ರಾಜಕೀಯದಲ್ಲಿ ಒಬ್ಬನಿಗೊಂದು ಮತವೆಂದು ಸಮಾನತೆ ಕೊಟ್ಟು, ಬಾಳಿನಲ್ಲಿ ಅಸಮಾನತೆಯನ್ನು ಉಳಿಸಿಕೊಂಡರೆ ಕಟ್ಟಿದ್ದೆಲ್ಲ ಒಡೆಯುತ್ತದೆಂದರು. ಈ ಎರಡು ಮಾತುಗಳನ್ನೂ ಮುಂದಿನ ಚರಿತ್ರೆಯ ಜೊತೆಗಿಟ್ಟು ನೋಡಬೇಕು.

ಮೊದಲ ಮಹಾಚುನಾವಣೆ 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿಯವರೆಗೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು. ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಓದಲಾರದವನು ಮತ ಹಾಕುವುದು ಹೇಗೆ? ಪ್ರತಿ ಉಮೇದುವಾರನಿಗೂ ಒಂದೊಂದು ಗುರುತು, ಒಂದೊಂದು ಪೆಟ್ಟಿಗೆ. ಈ ಭಾರವನ್ನು ಹೊತ್ತವರು ಮುಖ್ಯ ಚುನಾವಣಾ ಕಮಿಷನರ್ ಸುಕುಮಾರ ಸೇನ್. ಅವರ ನಿಷ್ಠುರತೆಗೆ ಒಂದು ಉದಾಹರಣೆ ಕೊಡುತ್ತೇನೆ. ಉತ್ತರ ಭಾರತದ ಲಕ್ಷಾಂತರ ಹೆಂಗಸರು ಪರಪುರುಷನೆದುರಿಗೆ ಹೆಸರು ಹೇಳಲು ಒಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಪಟ್ಟಿಗೆ ಬರೆಸಿದ್ದರು. ಸ್ವಂತ ಹೆಸರಿಲ್ಲದ ಮತದಾರಳನ್ನು ಸೇನರು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಸರುಗಳು ಬಿಟ್ಟುಹೋದವು. ಕಠಿಣವೆಂದು ಕಂಡರೂ ಇದರ ಅರ್ಥ ದೊಡ್ಡದು. ಯಾರದೋ ಹೆಂಡತಿಯಾಗಿ ಬಂದರೆ ಆಗದು, ನೀನು ನೀನಾಗಿ ಬರಬೇಕೆಂದು ರಾಜ್ಯ ಹೆಣ್ಣಿಗೆ ಹೇಳಿದ್ದು ಬಹುಶಃ ಅದೇ ಮೊದಲು. ಮುಂದಿನ ಚುನಾವಣೆಗಳಲ್ಲಿ ಅವರಲ್ಲಿ ಬಹುಮಂದಿ ಹೆಸರು ಹೇಳಿ ಬಂದರು.

ಅಳಿಸದ ಶಾಯಿಯ ಕಥೆಯೂ ನಮ್ಮದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಗಿತ್ತು. 1962ರ ಮೂರನೆಯ ಮಹಾಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಆ ಕಾರ್ಖಾನೆಯ ಶಾಯಿಯೇ ಬೀಳುತ್ತ ಬಂದಿದೆ. ಮತದಾನದ ಮಟ್ಟಿಗೆ ಭಾರತ ಜಗತ್ತಿನೆದುರು ತಲೆಯೆತ್ತಿ ನಿಲ್ಲಬಹುದು. ಅನಕ್ಷರಸ್ಥರಿಗೆ ಮತ ಕೊಟ್ಟರೆ ದೇಶ ಕೆಟ್ಟಿತೆಂದು ಅಂದು ಭವಿಷ್ಯ ನುಡಿದ ಓದಿದವರ ಮಾತು ಸುಳ್ಳಾಯಿತು. ಅನಕ್ಷರಸ್ಥರು ಸರತಿಯಲ್ಲಿ ನಿಂತರು, ಸರ್ಕಾರಗಳನ್ನು ಇಳಿಸಿದರು, ಏರಿಸಿದರು.

ಲೆಕ್ಕ ಒಪ್ಪಿಸುವ ಪದ್ಧತಿಗೆ ಬಿದ್ದ ದೊಡ್ಡ ಪೆಟ್ಟು 1975ರದು. ಆ ವರ್ಷದ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದುಮಾಡಿತು. 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರ ಬಂಧನವಾಯಿತು. ಅವರು ಬೆಂಗಳೂರಿಗೆ ಬಂದದ್ದು ಪಕ್ಷಾಂತರವನ್ನು ತಡೆಯುವ ಮಸೂದೆಯನ್ನು ಕುರಿತ ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂಬುದು ಚರಿತ್ರೆಯ ವಿನೋದಗಳಲ್ಲಿ ಒಂದು. ಪತ್ರಿಕೆಗಳಿಗೆ ಅಂಕುಶ ಬಿತ್ತು. ಶಿವರಾಮ ಕಾರಂತರು ಸರ್ಕಾರ ಕೊಟ್ಟಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿ ಉಬ್ಬಸದ ರೋಗಿ. ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಪ್ರಾಣಬಿಟ್ಟರು. ಆ ಸೆಂಟ್ರಲ್ ಜೈಲು ಇದ್ದ ಜಾಗ ಶೇಷಾದ್ರಿ ರಸ್ತೆಯಲ್ಲಿ ಈಗ ಫ್ರೀಡಂ ಪಾರ್ಕ್ ಆಗಿದೆ.

ಬಂಧನದಲ್ಲಿದ್ದವರು ಹೈಕೋರ್ಟುಗಳ ಮೊರೆಹೊಕ್ಕರು. ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು, ತುರ್ತುಪರಿಸ್ಥಿತಿಯಿದ್ದರೂ ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದವು. ಸುಪ್ರೀಂ ಕೋರ್ಟು 1976ರ ಏಪ್ರಿಲ್ 28ರಂದು ಆಗದೆಂದಿತು. ಐವರಲ್ಲಿ ನಾಲ್ವರು ಸರ್ಕಾರದ ಪರ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ. ಅದರ ಬೆಲೆಯಾಗಿ ಅವರ ಸರದಿಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿಯ ಪದವಿ ಅವರನ್ನು ದಾಟಿಹೋಯಿತು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಘೋಷಿಸಿದ್ದು ನಲವತ್ತೊಂದು ವರ್ಷಗಳ ಮೇಲೆ, 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಎಂಬತ್ತು ದಾಟಿದ ಕನ್ನಡಿಗರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪೆಂದು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡರ ತಂದೆಯವರು 1976ರ ಆ ನಾಲ್ವರಲ್ಲಿ ಒಬ್ಬರು.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಮುಚ್ಚಿಡಲಾಗದು. 1977ರ ಮಾರ್ಚಿನಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರ ಪಕ್ಷವನ್ನು ಗುಡಿಸಿಹಾಕಿತು. ಅವರೇ ರಾಯಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ ಅದೇ ಪಕ್ಷ 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿಕೊಟ್ಟಿತು. ಹಾಗಾದರೆ ಕನ್ನಡಿಗರಿಗೆ ಸ್ವಾತಂತ್ರ್ಯದ ಬೆಲೆ ಗೊತ್ತಿರಲಿಲ್ಲವೆ? ಈ ಪ್ರಶ್ನೆಯನ್ನು ನಗರದ ಓದಿದವರು ಬಹಳ ಸಲ ಕೇಳಿದ್ದಾರೆ, ಸ್ವಲ್ಪ ತಿರಸ್ಕಾರದಿಂದ.

ನನಗೆ ಆ ತಿರಸ್ಕಾರ ಒಪ್ಪಿಗೆಯಿಲ್ಲ. ಸಂತಾನನಿಯಂತ್ರಣದ ಬಲಾತ್ಕಾರ ಉತ್ತರದಲ್ಲಿ ನಡೆದಷ್ಟು ಇಲ್ಲಿ ನಡೆಯಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ದೇವರಾಜ ಅರಸರ ಭೂಸುಧಾರಣೆ. 1974ರಿಂದ ಜಾರಿಗೆ ಬಂದ ಶಾಸನದಿಂದ ಗೇಣಿ ಪದ್ಧತಿ ರದ್ದಾಯಿತು, ಭೂನ್ಯಾಯ ಮಂಡಳಿಗಳು ಕುಳಿತವು, ತಲೆತಲಾಂತರದಿಂದ ಇನ್ನೊಬ್ಬನ ಗದ್ದೆಯಲ್ಲಿ ದುಡಿದವರ ಕೈಗೆ ಹಕ್ಕುಪತ್ರ ಬಂತು. ಅಂಥ ಮನುಷ್ಯ ತನಗೆ ಲೆಕ್ಕ ಒಪ್ಪಿಸಿದವರು ಯಾರು, ಒಪ್ಪಿಸದವರು ಯಾರೆಂದು ನೋಡಿಯೇ ಮತ ಹಾಕಿದ. 1881ರ ಸಭೆಯಲ್ಲಿ ಸ್ಥಳವಿಲ್ಲದಿದ್ದವನು ಅವನೇ. ಬಾಳಿನ ಅಸಮಾನತೆಯನ್ನು ಕುರಿತ ಅಂಬೇಡ್ಕರರ ಎಚ್ಚರಿಕೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಭೂಮಿಯಿಲ್ಲದವನಿಗೆ ಹೇಬಿಯಸ್ ಕಾರ್ಪಸ್ಸಿನ ಮಹಿಮೆ ಹೇಳುವ ಮೊದಲು ಅವನ ಭೂಮಿಯ ಮಾತನ್ನೂ ನಾವು ಆಡಿರಬೇಕು.

ಹಾಗೆಂದು ಜೈಲಿನಲ್ಲಿದ್ದವರ ನೋವು ಸಣ್ಣದಾಗುವುದಿಲ್ಲ. ಹಕ್ಕುಪತ್ರ ಕೊಡುವ ಸರ್ಕಾರವೇ ನಾಳೆ ಅದನ್ನು ಕಿತ್ತುಕೊಂಡರೆ ಕೇಳಲು ನ್ಯಾಯಾಲಯ ಬೇಕು, ಬರೆಯಲು ಪತ್ರಿಕೆ ಬೇಕು, ಕೂಗಲು ಬೀದಿ ಬೇಕು. ಅನ್ನ ಮತ್ತು ಸ್ವಾತಂತ್ರ್ಯ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದು ಪ್ರಜೆಯನ್ನು ಕೇಳುವ ಸ್ಥಿತಿ ಬಂದರೆ, ತಪ್ಪು ಆರಿಸಿದವನದಲ್ಲ, ಹಾಗೆ ಕೇಳುವ ಸ್ಥಿತಿಯನ್ನು ತಂದವರದು.

ಮುಂದಿನ ಅಧ್ಯಾಯವೂ ಬೆಂಗಳೂರಿನದೇ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ಶಾಸಕರ ಕೆಲವು ಪತ್ರಗಳು ರಾಜಭವನಕ್ಕೆ ಹೋದವು. ಅವರಲ್ಲಿ ಕೆಲವರು ಮಾತು ಹಿಂದಕ್ಕೆ ತೆಗೆದುಕೊಂಡರು. ವಿಧಾನಸಭೆ ಸೇರಿಸಿ, ಅಲ್ಲಿಯೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿದರು. ಅವಕಾಶ ಸಿಗಲಿಲ್ಲ; ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಬಹುಮತ ಇದೆಯೆ ಇಲ್ಲವೆ ಎಂಬುದನ್ನು ಅಳೆಯುವ ಜಾಗ ರಾಜ್ಯಪಾಲರ ಕೊಠಡಿಯಲ್ಲ, ಸದನ ಎಂಬುದು ಅದರ ಸಾರ. ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ಆದರೆ ಅಲ್ಲಿಂದ ಮುಂದೆ ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾಮಾಡುವುದು ಕಷ್ಟವಾಯಿತು. ಸೋತವನ ಹೆಸರೊಂದು ಹೀಗೆ ದೇಶದ ಎಲ್ಲ ವಿಧಾನಸಭೆಗಳಿಗೂ ಕಾವಲಾಯಿತು.

ಕಾವಲಿದ್ದ ಬಾಗಿಲನ್ನು ಬಿಟ್ಟು ಗೋಡೆ ಹಾರುವವರೂ ಇರುತ್ತಾರೆ. ಪಕ್ಷಾಂತರವನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. 2019ರಲ್ಲಿ ನಮ್ಮ ಶಾಸಕರು ಹಲವರು ಪಕ್ಷ ಬಿಡದೆ ಶಾಸಕತ್ವಕ್ಕೇ ರಾಜೀನಾಮೆ ಕೊಟ್ಟು ಹೊರ ರಾಜ್ಯದ ಹೋಟೆಲು ಸೇರಿದರು, ಸರ್ಕಾರ ಬಿತ್ತು. ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ನಿಂತವರಲ್ಲಿ ಬಹುಪಾಲು ಗೆದ್ದರು. ಯಾವ ಪಕ್ಷಕ್ಕೆ ಲಾಭವಾಯಿತೆಂಬುದು ನನ್ನ ವಿಷಯವಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಪಕ್ಷಗಳಿಗೆ ಲಾಭವಾಗಿದೆ. ಶಾಸನ ಎಷ್ಟೇ ಬಿಗಿಯಾಗಿರಲಿ, ನೀನು ಹೋದದ್ದೇಕೆಂದು ಮತದಾರ ಕೇಳದಿದ್ದರೆ ಅದು ಕಾಗದ ಮಾತ್ರವೆಂಬುದು ನಾನು ಹೇಳಬೇಕಾದ ಮಾತು.

ಹಳ್ಳಿಯ ಮಟ್ಟಕ್ಕೆ ಲೆಕ್ಕ ಒಪ್ಪಿಸುವ ಪದ್ಧತಿಯನ್ನು ಒಯ್ದದ್ದರಲ್ಲಿಯೂ ಕರ್ನಾಟಕ ಮುಂದು. ಅಬ್ದುಲ್ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ರಚಿತವಾದ 1983ರ ಶಾಸನದಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ. 1992ರ ಸಂವಿಧಾನ ತಿದ್ದುಪಡಿಗೆ ಐದು ವರ್ಷ ಮೊದಲು ನಡೆದ ಮಾತಿದು. ಊರಿನ ಮತದಾರರೆಲ್ಲ ಸೇರುವ ಗ್ರಾಮಸಭೆಯಲ್ಲಿ ಪಂಚಾಯಿತಿ ತನ್ನ ಖರ್ಚುವೆಚ್ಚ ಓದಬೇಕೆಂದು ಕಾನೂನು ಹೇಳುತ್ತದೆ. ರಂಗಾಚಾರ್ಲು 144 ಮಂದಿಯೆದುರು ಮಾಡಿದ್ದನ್ನು ಈಗ ಊರೂರಿನಲ್ಲಿ ಎಲ್ಲರೆದುರು ಮಾಡಬೇಕು. 2000ದಲ್ಲಿ ನಮ್ಮ ರಾಜ್ಯವೂ 2005ರಲ್ಲಿ ಕೇಂದ್ರವೂ ಮಾಹಿತಿ ಹಕ್ಕಿನ ಶಾಸನ ಮಾಡಿದವು. ಹತ್ತು ರೂಪಾಯಿ ಶುಲ್ಕ ಕೊಟ್ಟು ಯಾವ ಪ್ರಜೆಯಾದರೂ ಕಡತದಲ್ಲೇನಿದೆಯೆಂದು ಕೇಳಬಹುದು. ದಸರೆಯವರೆಗೆ ಕಾಯಬೇಕಾಗಿಲ್ಲ.

ಇಷ್ಟೆಲ್ಲ ಸಾಧನಗಳಿರುವಾಗ ಕೊರತೆಯೆಲ್ಲಿ? ಅದನ್ನು ಹಳ್ಳಿಯಲ್ಲಿ ಹುಡುಕುವ ಬದಲು ನಾವು ನಗರದವರು ನಮ್ಮ ಮನೆಯ ಬಾಗಿಲಿನಿಂದ ಹೊರಗೆ ನೋಡುವುದು ಒಳ್ಳೆಯದು. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯಾಗಲಿಲ್ಲ. ವಾರ್ಡುಗಳ ಸಂಖ್ಯೆ ಬದಲಾಯಿತು, ಶಾಸನ ಬದಲಾಯಿತು, ಮೊಕದ್ದಮೆಗಳು ನಡೆದವು, ಆಡಳಿತಾಧಿಕಾರಿಗಳು ನಗರವನ್ನಾಳಿದರು. ಕೋಟಿ ಜನರ ನಗರದಲ್ಲಿ ತೆರಿಗೆಯ ಲೆಕ್ಕವನ್ನು ಒಂದು ಚುನಾಯಿತ ಸಭೆಯ ಮುಂದೆ ಓದುವವರಿರಲಿಲ್ಲ, ಕೇಳುವವರೂ ಇರಲಿಲ್ಲ. 1881ರಲ್ಲಿ ಅರಸನ ದಿವಾನನು ಒಪ್ಪಿಕೊಂಡ ಕನಿಷ್ಠ ಕರ್ತವ್ಯ ಗಣರಾಜ್ಯದ ರಾಜಧಾನಿಯೊಂದರಲ್ಲಿ ಸದ್ದಿಲ್ಲದೆ ನಿಂತುಹೋಯಿತು. ಇದಕ್ಕಾಗಿ ನಮ್ಮ ಬಡಾವಣೆಗಳಲ್ಲಿ ಯಾರ ನಿದ್ದೆಯೂ ಕೆಟ್ಟಂತೆ ಕಾಣಲಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇಕಡಾ 73ನ್ನು ದಾಟಿದಾಗ ಬೆಂಗಳೂರಿನಲ್ಲಿ ಅದು 55ರ ಆಸುಪಾಸಿನಲ್ಲಿತ್ತು. ಅನಕ್ಷರಸ್ಥರ ಕೈಯಲ್ಲಿ ಪ್ರಜಾಪ್ರಭುತ್ವ ಉಳಿದೀತೆ ಎಂದು 1952ರಲ್ಲಿ ಕೇಳಿದ್ದು ಓದಿದವರು. ಓದಿದವರ ಕೈಯಲ್ಲಿ ಅದು ಉಳಿದೀತೆ ಎಂದು ಈಗ ಕೇಳಬೇಕಾಗಿದೆ.

ಬೇಸರಕ್ಕೆ ಕಾರಣಗಳಿಲ್ಲವೆಂದಲ್ಲ. ಕೇಳಿದರೆ ಉತ್ತರ ಬರುವುದಿಲ್ಲ, ಉತ್ತರ ಬಂದರೆ ಕೆಲಸವಾಗುವುದಿಲ್ಲ, ಹಣವಿದ್ದವನೇ ನಿಲ್ಲುತ್ತಾನೆ, ಜಾತಿಯಿದ್ದವನೇ ಗೆಲ್ಲುತ್ತಾನೆ ಎನ್ನುತ್ತಾರೆ. ಎಲ್ಲವೂ ನಿಜ. ಆದರೆ ಆ 144 ಮಂದಿಗೆ ನಮಗಿರುವ ಒಂದು ಹಕ್ಕೂ ಇರಲಿಲ್ಲ. ಕೆರೆಯ ಮಾತನ್ನು ಮೂರು ವರ್ಷ ಎತ್ತಿ ಮೂರು ವರ್ಷವೂ ಪರಿಶೀಲಿಸುತ್ತೇವೆಂಬ ಉತ್ತರ ಪಡೆದವರು, ನಾಲ್ಕನೆಯ ವರ್ಷ ಮತ್ತೆ ಗಾಡಿ ಕಟ್ಟಿಕೊಂಡು ಮೈಸೂರಿಗೆ ಬರುತ್ತಿದ್ದರು. ರಂಗಾಚಾರ್ಲು ಅವರನ್ನು ಕುರಿತು ಪುಸ್ತಕ ಬರೆದ ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ರಾಜ್ಯದ ವಿಷಯವನ್ನು ತಿಳಿದು ಮಾತಾಡುವ ಪ್ರಜೆಗಳು ಸಿದ್ಧರಾಗಲೆಂದು. ಸ್ವರಾಜ್ಯ ಹತ್ತಿರವಾದಾಗ ಅವರಿಗೆ ತೋಚಿದ ಮೊದಲ ಅಗತ್ಯ ಮಂತ್ರಿಗಳದಲ್ಲ, ಪ್ರಜೆಗಳದು.

ಆದ್ದರಿಂದ ವಾಚಕರಲ್ಲಿ ನನ್ನದೊಂದು ಸಣ್ಣ ಬಿನ್ನಹ. ದೇಶದ ಭವಿಷ್ಯವನ್ನು ಕುರಿತು ಸಂಜೆಯ ಹರಟೆಯಲ್ಲಿ ನಿಟ್ಟುಸಿರು ಬಿಡುವ ಮೊದಲು, ನಮ್ಮ ಬೀದಿಯ ಚರಂಡಿಗೆ ಕಳೆದ ವರ್ಷ ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತೆಂದು ಒಂದು ಅರ್ಜಿ ಬರೆದು ಕೇಳೋಣ. ಉತ್ತರ ಬಾರದಿದ್ದರೆ ಇನ್ನೊಂದು ಬರೆಯೋಣ. ನೆರೆಯವನನ್ನು ಅನ್ಯಾಯವಾಗಿ ಹಿಡಿದರೆ, ಅವನ ಪಕ್ಷ ನಮ್ಮದಲ್ಲದಿದ್ದರೂ, ಏಕೆಂದು ಕೇಳೋಣ. ಬೊಕ್ಕಸ ಬರಿದಾಗಿ, ನಾಡು ಹಸಿದು, ಯಾರೂ ಕೇಳದಿದ್ದ ಕಾಲದಲ್ಲಿ ಒಬ್ಬ ದಿವಾನ ತಾನಾಗಿ ಲೆಕ್ಕದ ಪುಸ್ತಕ ತೆರೆದ. ಈಗಿನವರು ತಾವಾಗಿ ತೆರೆಯಲಿಕ್ಕಿಲ್ಲ. ತೆರೆಸುವ ಹಕ್ಕು ಮಾತ್ರ ನಮ್ಮಲ್ಲಿದೆ, ಅದನ್ನು ಉಪಯೋಗಿಸುವ ಹೊಣೆಯೂ ನಮ್ಮದೇ.